ಹೊಳೆ ನೋಡಲೂ ಟಿಕೆಟ್ ಬೇಕಾ? ಪ್ರವೇಶ ಶುಲ್ಕದ ಬಗ್ಗೆ ಐದು ನಂಬಿಕೆಗಳು ಮತ್ತು ವಾಸ್ತವ

ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರಿಗೆ ದಸರಾ ಹೊತ್ತಿನಲ್ಲಿ ಬಂದರೆ ಬನ್ನಿಮಂಟಪದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಶ್ರೀರಂಗಪಟ್ಟಣ ದಸರಾದ ಜಂಬೂ ಸವಾರಿ ಹೊರಡುವುದು ಇಲ್ಲಿಂದಲೇ. ರಸ್ತೆ ಬದಿ, ಮನೆಯ ಮಹಡಿ, ಎಲ್ಲಿ ನಿಂತು ನೋಡಿದರೂ ಯಾರೂ ಟಿಕೆಟ್ ಕೇಳುವುದಿಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ದರಿಯಾ ದೌಲತ್ ಬಾಗ್‌ಗೆ ಹೋದರೆ ಟಿಕೆಟ್ ಬೇಕು. ರಂಗನತಿಟ್ಟಿನಲ್ಲಿ ಪ್ರವೇಶಕ್ಕೊಂದು, ದೋಣಿಗೊಂದು, ಗಾಡಿ ನಿಲ್ಲಿಸಲು ಇನ್ನೊಂದು ಚೀಟಿ. ಬೃಂದಾವನ ಉದ್ಯಾನಕ್ಕೂ ಟಿಕೆಟ್ ಉಂಟು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರಾದರೆ ಇದೆಲ್ಲಕ್ಕೂ ಮೊದಲು, 2023ರ ಜುಲೈ 1ರಂದು ಶುರುವಾದ ಗಣಂಗೂರು ಟೋಲ್ ದಾಟಬೇಕು.

ಹೆದ್ದಾರಿ ಬದಿಯಲ್ಲಿ ಕಬ್ಬಿನ ಹಾಲು ಮಾರುವ ಹಿರಿಯರೊಬ್ಬರನ್ನು ನಾವು ಈ ಬಗ್ಗೆ ಕೇಳಿದೆವು. “ಚಿಕ್ಕೋರಿದ್ದಾಗ ಹೊಳೆ ದಂಡೇಲೇ ಬಿದ್ದಿರ್ತಿದ್ವಿ. ನಮ್ಮೂರ ಹೊಳೆ ನೋಡಕ್ಕೆ ನಾವ್ ಯಾಕ್ ಕಾಸ್ ಕೊಡ್ಬೇಕು?” ಎಂದರು. ಲೋಟ ತೊಳೆದಿಟ್ಟು ಅವರೇ ಮುಂದುವರಿಸಿದರು: “ಹಂಗಂತ ಬಿಟ್ಟಿ ಬಿಟ್ರೆ ಜನ ಗಬ್ಬೆಬ್ಬಿಸಾಕ್ತಾರೆ ಕಣಪ್ಪ.”

ಎರಡು ಮಾತುಗಳೂ ಒಬ್ಬರದೇ, ಎರಡೂ ಪ್ರಾಮಾಣಿಕ. ಪ್ರವೇಶ ಶುಲ್ಕದ ಬಗ್ಗೆ ನಮ್ಮೆಲ್ಲರ ಮನಸ್ಸಿನಲ್ಲಿರುವುದೂ ಇಂಥದ್ದೇ ಗೊಂದಲ. ಈ ಗೊಂದಲದ ಮೇಲೆ ಅರ್ಥಶಾಸ್ತ್ರಜ್ಞರು ಮತ್ತು ಮನೋವಿಜ್ಞಾನಿಗಳು ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಅವರು ಕಂಡುಕೊಂಡದ್ದನ್ನು ಮುಂದಿಟ್ಟುಕೊಂಡು, ನಾವು ಸಾಮಾನ್ಯವಾಗಿ ಕೇಳುವ ಐದು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ನಂಬಿಕೆ 1: “ಜನರಿಗೆ ದುಡ್ಡು ಬಿಚ್ಚಲು ಮನಸ್ಸಿಲ್ಲ, ಅಷ್ಟೇ”

ಇದು ಪೂರ್ತಿ ನಿಜವಲ್ಲ. ಶುಲ್ಕವನ್ನು ವಿರೋಧಿಸುವವರಲ್ಲಿ ಹೆಚ್ಚಿನವರ ತಕರಾರು ಮೊತ್ತದ ಮೇಲಲ್ಲ, ನ್ಯಾಯದ ಮೇಲೆ.

1986ರಲ್ಲಿ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ ಪ್ರಕಟಿಸಿದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಜನರಿಗೆ ಹೀಗೊಂದು ಪ್ರಶ್ನೆ ಕೇಳಲಾಗಿತ್ತು: ಅಂಗಡಿಯೊಂದರಲ್ಲಿ ಹಿಮ ತೆಗೆಯುವ ಸಲಿಕೆಯ ಬೆಲೆ 15 ಡಾಲರ್. ದೊಡ್ಡ ಹಿಮಪಾತವಾದ ಮರುದಿನ ಅಂಗಡಿಯವನು ಅದನ್ನು 20 ಡಾಲರ್ ಮಾಡಿದ. ಇದು ನ್ಯಾಯವೇ? ಶೇ 82 ಮಂದಿ ಅನ್ಯಾಯ ಎಂದರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆ ಹೂವಿನ ಬೆಲೆ ಕೇಳಿ ನಮ್ಮ ಅಮ್ಮಂದಿರು ಗೊಣಗುತ್ತಾರಲ್ಲ, ಅದೇ ಭಾವನೆ ಇದು. ಕೊಡುವ ಶಕ್ತಿ ಇಲ್ಲವೆಂದಲ್ಲ, ನಮ್ಮ ಅನಿವಾರ್ಯವನ್ನು ಬಳಸಿಕೊಂಡರು ಎಂಬ ಸಿಟ್ಟು.

ಪ್ರತಿಯೊಬ್ಬರ ತಲೆಯಲ್ಲೂ ಪ್ರತಿ ಜಾಗಕ್ಕೂ ಒಂದು ‘ರೂಢಿಯ ಬೆಲೆ’ ಇರುತ್ತದೆ. ಹಿಂದಿನ ಸಲ ಕೊಟ್ಟದ್ದು ಎಷ್ಟು ಎಂಬುದೇ ಅದಕ್ಕೆ ಆಧಾರ. ದರಿಯಾ ದೌಲತ್‌ನಂತಹ, ವಿಶ್ವ ಪರಂಪರೆ ಪಟ್ಟಿಯಲ್ಲಿಲ್ಲದ ಟಿಕೆಟ್ ಸ್ಮಾರಕಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2016ರ ಮಾರ್ಚ್‌ವರೆಗೆ ಭಾರತೀಯರಿಂದ ಪಡೆಯುತ್ತಿದ್ದದ್ದು 5 ರೂಪಾಯಿ. 2016ರ ಏಪ್ರಿಲ್‌ನಲ್ಲಿ ಅದು 15 ಆಯಿತು, 2018ರ ಆಗಸ್ಟ್‌ನಲ್ಲಿ 25 (ನಗದುರಹಿತವಾಗಿ ಕೊಟ್ಟರೆ 20). 25 ರೂಪಾಯಿ ಈಗ ಒಂದೆರಡು ಕಾಫಿಯ ಬೆಲೆ. ಆದರೂ 5 ರೂಪಾಯಿ ಕೊಟ್ಟ ನೆನಪಿದ್ದವರಿಗೆ ಅದು ಎರಡೂವರೆ ವರ್ಷದೊಳಗೆ ಐದು ಪಟ್ಟು. ಮೊದಲ ಸಲ ಬಂದವರು ಸುಮ್ಮನೆ ಕೊಟ್ಟು ಒಳಗೆ ಹೋಗುತ್ತಾರೆ, ಮತ್ತೆ ಮತ್ತೆ ಬರುವವರು ಕೌಂಟರಿನಲ್ಲಿ ಜಗಳವಾಡುತ್ತಾರೆ.

ಈ ರೂಢಿಯ ಬೆಲೆ ಸೊನ್ನೆಯಾಗಿದ್ದರೆ ಸಮಸ್ಯೆ ಇನ್ನೂ ದೊಡ್ಡದು. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರು ಒಂದು ಉತ್ತಮ ಚಾಕೊಲೇಟನ್ನು 15 ಸೆಂಟಿಗೂ ಒಂದು ಸಾಧಾರಣ ಚಾಕೊಲೇಟನ್ನು 1 ಸೆಂಟಿಗೂ ಇಟ್ಟರು. ಕೊಂಡವರಲ್ಲಿ ಸುಮಾರು ಶೇ 73 ಮಂದಿ ಉತ್ತಮವಾದದ್ದನ್ನೇ ತೆಗೆದುಕೊಂಡರು. ನಂತರ ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿದರು. ಅಂದರೆ ಸಾಧಾರಣವಾದದ್ದು ಈಗ ಪುಕ್ಕಟೆ. ಬೆಲೆಯ ಅಂತರ ಅಷ್ಟೇ ಇದ್ದರೂ ಸುಮಾರು ಶೇ 69 ಮಂದಿ ಪುಕ್ಕಟೆಯದರ ಕಡೆ ತಿರುಗಿದರು. ‘ಉಚಿತ’ ಎಂಬುದು ನಮ್ಮ ಮನಸ್ಸಿಗೆ ಇನ್ನೊಂದು ಬೆಲೆಯಲ್ಲ, ಬೇರೆಯೇ ಲೋಕ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಬಸ್ಸುಗಳಲ್ಲಿ, ಕ್ಷೇತ್ರಗಳಲ್ಲಿ ಮಹಿಳೆಯರ ದಟ್ಟಣೆ ಹೇಗೆ ಏರಿತೆಂದು ನಾವೆಲ್ಲ ಕಂಡಿದ್ದೇವೆ. ಅದರಲ್ಲಿ ‘ಉಚಿತ’ ಎಂಬ ಪದದ ಸೆಳೆತವೂ ಇದೆ, ಇಷ್ಟು ದಿನ ಬಸ್ ಚಾರ್ಜಿಗೆ ಹೆದರಿ ಮನೆಯಲ್ಲೇ ಉಳಿದಿದ್ದವರ ಬಿಡುಗಡೆಯೂ ಇದೆ.

ಹಾಗಾಗಿ ಸೊನ್ನೆಯಿಂದ 10 ರೂಪಾಯಿಗೆ ಏರುವುದು 10ರಿಂದ 20ಕ್ಕೆ ಏರುವುದಕ್ಕಿಂತ ಕಷ್ಟ. ಹೊಳೆ, ಬೆಟ್ಟ, ಕಾಡು ಇವಕ್ಕೆಲ್ಲ ನಮ್ಮ ಅಜ್ಜ–ಅಜ್ಜಿಯರ ಕಾಲದಿಂದ ಇರುವ ಬೆಲೆ ಸೊನ್ನೆಯೇ. ಕಬ್ಬಿನ ಹಾಲಿನ ಅಮ್ಮ ಕೇಳಿದ್ದೂ ಇದನ್ನೇ.

ನಂಬಿಕೆ 2: “ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಯಾರು ಕೇಳುತ್ತಾರೆ?”

ಎಲ್ಲರೂ ಕೇಳುತ್ತಾರೆ, ಬಾಯಿಬಿಟ್ಟು ಕೇಳದಿದ್ದರೂ.

ಅಮೆರಿಕದ ಸಾರ್ವಜನಿಕ ಉದ್ಯಾನ ಮತ್ತು ಅರಣ್ಯಗಳಲ್ಲಿ ಈ ವಿಷಯವಾಗಿ ದೊಡ್ಡ ಚರ್ಚೆಯೇ ನಡೆದಿದೆ. ಅಲ್ಲಿ 1996ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಶುಲ್ಕ ಯೋಜನೆಗೆ 2004ರಲ್ಲಿ ಕಾಯ್ದೆಯ ರೂಪ ಸಿಕ್ಕಿತು. ಸಂಗ್ರಹವಾದ ಹಣದಲ್ಲಿ ಸಾಮಾನ್ಯವಾಗಿ ಶೇ 80ರಷ್ಟು ಆಯಾ ಜಾಗದಲ್ಲೇ ಉಳಿಯಬೇಕು ಎಂಬುದು ಅದರ ಮುಖ್ಯ ಅಂಶ. ಕೊಟ್ಟ ಹಣದಿಂದ ಅದೇ ಜಾಗದ ಶೌಚಾಲಯ, ಕಾಲುದಾರಿ ದುರಸ್ತಿಯಾಗುತ್ತದೆ ಎಂದು ಗೊತ್ತಾದರೆ ಜನರ ಒಪ್ಪಿಗೆ ಹೆಚ್ಚುತ್ತದೆ ಎಂಬುದನ್ನು ಸಂದರ್ಶಕರ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ.

ನಮ್ಮಲ್ಲಿ ಸರ್ಕಾರದ ಆದಾಯ ಸಾಮಾನ್ಯವಾಗಿ ಬೊಕ್ಕಸಕ್ಕೆ ಹೋಗುತ್ತದೆ, ಅಲ್ಲಿಂದ ಬಜೆಟ್ ಮೂಲಕ ಹಂಚಿಕೆಯಾಗುತ್ತದೆ. ನೀವು ಕೊಟ್ಟ 25 ರೂಪಾಯಿ ನೀವು ನೋಡಿದ ಗೋಡೆಗೇ ಮರಳುತ್ತದೆ ಎಂಬ ಖಾತ್ರಿ ಇಲ್ಲ. ಇದಕ್ಕೆ ಅಪವಾದಗಳೂ ಇವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿ ಪ್ರತಿ ಹುಲಿ ಮೀಸಲು ಪ್ರದೇಶಕ್ಕೂ ಒಂದು ಪ್ರತಿಷ್ಠಾನ ಇರಬೇಕೆಂದಿತು. ಪ್ರವೇಶ ಶುಲ್ಕದಂತಹ ಹಣವನ್ನು ಅಲ್ಲಿಯ ಕೆಲಸಕ್ಕೇ ಮರಳಿಸುವುದು ಆ ಪ್ರತಿಷ್ಠಾನಗಳ ಉದ್ದೇಶಗಳಲ್ಲೊಂದು.

ಇನ್ನೂ ಸ್ಪಷ್ಟವಾದ ಉದಾಹರಣೆ ಮೈಸೂರು ಮೃಗಾಲಯ. 1892ರಲ್ಲಿ ಶುರುವಾದ ಈ ಮೃಗಾಲಯ ಬಹುಮಟ್ಟಿಗೆ ನಡೆಯುವುದೇ ಟಿಕೆಟ್ ಹಣದಿಂದ. 2020ರ ಲಾಕ್‌ಡೌನ್‌ನಲ್ಲಿ ಗೇಟು ಮುಚ್ಚಿದಾಗ ಆನೆ, ಹುಲಿಗಳ ಹೊಟ್ಟೆಗೆ ಹೊಂದಿಸುವುದೇ ಕಷ್ಟವಾಗಿ ಸಾರ್ವಜನಿಕರ ನೆರವು ಕೇಳಬೇಕಾಯಿತು. ಜನ ದೇಣಿಗೆ ಕೊಟ್ಟರು, ಪ್ರಾಣಿಗಳನ್ನು ದತ್ತು ಪಡೆದರು. ಒಳಗೆ ಹೋಗಿ ನೋಡುವ ಅವಕಾಶವೇ ಇಲ್ಲದಿದ್ದಾಗಲೂ ಜನ ಹಣ ಕೊಟ್ಟರು ಎಂಬುದನ್ನು ಗಮನಿಸಿ. ಯಾವ ಪ್ರಾಣಿಗೆ, ಯಾತಕ್ಕೆ ಎಂಬುದು ಅವರಿಗೆ ಗೊತ್ತಿತ್ತು.

ಇದಕ್ಕೆ ವಿರುದ್ಧ ಅನುಭವವೂ ನಮಗಾಗಿದೆ. ಪ್ರವಾಸಿ ತಾಣವೊಂದರಲ್ಲಿ ಗಾಡಿ ನಿಲ್ಲಿಸಿದಾಗ ಒಬ್ಬರು ಬಂದು ಪಾರ್ಕಿಂಗ್ ಹಣ ಕೇಳಿದರು. ರಸೀದಿ ಕೇಳಿದ್ದಕ್ಕೆ “ರಸೀದಿ ಬೇಕಾದ್ರೆ ಇನ್ನೂ ಇಪ್ಪತ್ತು ಆಯ್ತದೆ” ಎಂದರು. ಅಂದು ನಾವು ಕಳೆದುಕೊಂಡದ್ದು ದೊಡ್ಡ ಮೊತ್ತವೇನಲ್ಲ. ಆದರೆ ಆ ಊರಿನಲ್ಲಿ ಅಂದು ಕೇಳಿದ ಪ್ರತಿ ಚೀಟಿಯನ್ನೂ, ಅಸಲಿ ಇಲಾಖೆಯ ಟಿಕೆಟನ್ನೂ, ಅನುಮಾನದಿಂದಲೇ ನೋಡಿದೆವು. ಒಂದು ಕಡೆಯ ಅಕ್ರಮ ವಸೂಲಿ ಉಳಿದೆಲ್ಲ ಕಡೆಯ ನಂಬಿಕೆಯನ್ನೂ ತಿನ್ನುತ್ತದೆ.

ನಂಬಿಕೆ 3: “ಟಿಕೆಟ್ ಇಟ್ಟರೆ ಜಂಗುಳಿ ಕಡಿಮೆಯಾಗುತ್ತದೆ, ಪರಿಸರ ಉಳಿಯುತ್ತದೆ”

ಸಣ್ಣ ಶುಲ್ಕದಿಂದ ಇದು ಸಾಮಾನ್ಯವಾಗಿ ಆಗುವುದಿಲ್ಲ.

ಇಟಲಿಯ ವೆನಿಸ್ ನಗರ 2024ರ ಏಪ್ರಿಲ್ 25ರಿಂದ, ದಟ್ಟಣೆಯ 29 ದಿನಗಳಲ್ಲಿ, ಒಂದು ದಿನದ ಮಟ್ಟಿಗೆ ಬಂದುಹೋಗುವ ಪ್ರವಾಸಿಗರಿಗೆ 5 ಯೂರೊ ಶುಲ್ಕ ಹಾಕಿತು. 20 ಲಕ್ಷ ಯೂರೊಗೂ ಹೆಚ್ಚು ಹಣ ಬಂತು, ಜಂಗುಳಿ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ದೂರದಿಂದ ಇಷ್ಟೆಲ್ಲ ಖರ್ಚು ಮಾಡಿ ಬಂದವರು ಕೊನೆಯ 5 ಯೂರೊಗಾಗಿ ವಾಪಸ್ ಹೋಗುವುದಿಲ್ಲ.

ಕರ್ನಾಟಕಕ್ಕೆ ಈ ಪಾಠ ಸಿಕ್ಕಿದ್ದು ಕುಮಾರ ಪರ್ವತದಲ್ಲಿ. 2024ರ ಜನವರಿಯ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೆ ಬಂದು, ಬೆಟ್ಟದ ದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ದೃಶ್ಯಗಳು ಎಲ್ಲೆಡೆ ಹರಿದಾಡಿದವು. ಅದಾದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಇಲ್ಲಿ ಜಂಗುಳಿಯನ್ನು ತಡೆಯುವುದು ಶುಲ್ಕವಲ್ಲ, ಆ 300 ಎಂಬ ಸಂಖ್ಯೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಇಸ್ರೇಲ್‌ನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಕೆಲವು ಶಿಶುವಿಹಾರಗಳು ಸಣ್ಣ ದಂಡ ಹಾಕಿದವು. ತಡವಾಗಿ ಬರುವವರ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಮೊದಲು “ಪಾಪ, ಟೀಚರ್ ಕಾಯುತ್ತಿರುತ್ತಾರೆ” ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು “ದುಡ್ಡು ಕೊಡ್ತೀವಲ್ಲ” ಎಂದಾಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ.

ಪಕ್ಷಿಧಾಮದಲ್ಲೋ ಉದ್ಯಾನದಲ್ಲೋ ಚಿಪ್ಸ್ ಪೊಟ್ಟಣ ಎಸೆದವರಿಗೆ ಯಾರಾದರೂ ಬುದ್ಧಿ ಹೇಳಿದರೆ “ಟಿಕೆಟ್ ತಗೊಂಡೇ ಬಂದಿರೋದು, ಕ್ಲೀನ್ ಮಾಡೋಕೆ ಜನ ಇದ್ದಾರೆ” ಎಂಬ ಉತ್ತರ ನೀವೂ ಕೇಳಿರಬಹುದು. ಹೊಳೆಯನ್ನು ‘ನಮ್ಮದು’ ಎಂದುಕೊಂಡವರಿಗೆ ಅದನ್ನು ಕಾಯುವ ಹೊಣೆಯೂ ಇರುತ್ತದೆ. ‘ಕೊಂಡದ್ದು’ ಎಂದುಕೊಂಡವರಿಗೆ ಬಳಸುವ ಹಕ್ಕು ಮಾತ್ರ. ಶುಲ್ಕ ಇಡುವವರು ಈ ಬದಲಾವಣೆಗೂ ಸಿದ್ಧರಿರಬೇಕು. “ನಿಮ್ಮ ಟಿಕೆಟ್ ಹಣ ಈ ಕೊಕ್ಕರೆಗಳ ಗೂಡು ಕಾಯುತ್ತದೆ, ಕಸವನ್ನು ನೀವೇ ವಾಪಸ್ ಒಯ್ಯಿರಿ” ಎಂದು ಹೇಳುವ ಫಲಕ ಬರಿಯ ದರಪಟ್ಟಿಗಿಂತ ಒಳ್ಳೆಯದು.

ನಂಬಿಕೆ 4: “ಇಪ್ಪತ್ತು–ಮೂವತ್ತು ರೂಪಾಯಿ ಯಾರಿಗೆ ಭಾರ?”

ನಮ್ಮ ಮಟ್ಟಿಗೆ ಈ ಲೇಖನದ ಮುಖ್ಯ ಪ್ರಶ್ನೆ ಇದೇ.

ಒಂದು ಜಾಗ ನೋಡಲು ತಗಲುವ ನಿಜವಾದ ಬೆಲೆ ಟಿಕೆಟ್ ಮಾತ್ರವಲ್ಲ. ಪ್ರಯಾಣ, ಊಟ, ಕಳೆದುಕೊಂಡ ದಿನದ ಕೂಲಿ, ಎಲ್ಲವೂ ಸೇರುತ್ತವೆ. 1947ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಲ್ಲಿ ಈ ಸರಳ ವಿಚಾರವನ್ನು ಸೂಚಿಸಿದ್ದರು: ಜನ ಎಷ್ಟು ದೂರದಿಂದ, ಎಷ್ಟು ಖರ್ಚು ಮಾಡಿ ಬರುತ್ತಾರೆ ಎಂದು ಲೆಕ್ಕ ಹಾಕಿದರೆ ಆ ಜಾಗದ ಮೌಲ್ಯ ಅಂದಾಜಿಸಬಹುದು. ಇಂದಿಗೂ ಬಳಕೆಯಲ್ಲಿರುವ ಈ ವಿಧಾನವನ್ನು ‘ಪ್ರಯಾಣ ವೆಚ್ಚ ವಿಧಾನ’ ಎನ್ನುತ್ತಾರೆ.

ಇದನ್ನೇ ಕಿರಂಗೂರಿನಲ್ಲಿ ನಿಂತು ತಿರುಗಿಸಿ ನೋಡಿ. ಬೆಂಗಳೂರಿನಿಂದ ನಾಲ್ವರು ವಯಸ್ಕರ ಕುಟುಂಬವೊಂದು ಕಾರಿನಲ್ಲಿ ದರಿಯಾ ದೌಲತ್‌ಗೆ ಬರುತ್ತದೆ ಎನ್ನೋಣ. ನಾಲ್ಕು ಟಿಕೆಟ್‌ಗೆ 100 ರೂಪಾಯಿ. ಹೋಗಿ ಬರುವ 200ಕ್ಕೂ ಹೆಚ್ಚು ಕಿಲೋಮೀಟರ್‌ನ ಪೆಟ್ರೋಲ್, ಟೋಲ್, ಹೋಟೆಲ್ ಊಟದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಟಿಕೆಟ್ ದರ ಇಮ್ಮಡಿಯಾದರೂ ಅವರ ಪ್ರವಾಸ ನಿಲ್ಲುವುದಿಲ್ಲ. ಕಿರಂಗೂರಿನ ಅಂಥದ್ದೇ ಕುಟುಂಬ ಮನೆಯಲ್ಲೇ ಉಂಡು, ಬೈಕಿನಲ್ಲೋ ಬಸ್ಸಿನಲ್ಲೋ ಹತ್ತೇ ನಿಮಿಷದಲ್ಲಿ ಅಲ್ಲಿಗೆ ಹೋಗಬಹುದು. ಅವರ ಪಾಲಿಗೆ ಹೆಚ್ಚುಕಡಿಮೆ ಇಡೀ ಖರ್ಚೆಂದರೆ ಆ 100 ರೂಪಾಯಿಯೇ. ಟಿಕೆಟ್ ಇಮ್ಮಡಿಯಾದರೆ ಅವರ ಪ್ರವಾಸದ ಬೆಲೆಯೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಅಂದರೆ ಎಲ್ಲರಿಗೂ ಒಂದೇ ದರ ಎಂಬುದು ಸಮಾನವಾಗಿ ಕಂಡರೂ, ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಅತಿ ಹತ್ತಿರದವರ ಮೇಲೆ ಮತ್ತು ಅತಿ ಕಡಿಮೆ ಆದಾಯದವರ ಮೇಲೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಥಾಮಸ್ ಮೋರ್ ಮತ್ತು ಥಾಮಸ್ ಸ್ಟೀವನ್ಸ್ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಯಲ್ಲಿ ತೋರಿಸಿತು. ಶುಲ್ಕ ಏರಿಕೆಯಿಂದಾಗಿ ಹೋಗುವುದನ್ನು ಕಡಿಮೆ ಮಾಡಿದೆವು ಅಥವಾ ಬೇರೆಡೆಗೆ ಹೋದೆವು ಎಂದವರು ಕಡಿಮೆ ಆದಾಯದವರಲ್ಲಿ ಸುಮಾರು ಶೇ 23, ಹೆಚ್ಚಿನ ಆದಾಯದವರಲ್ಲಿ ಶೇ 11.

ನಾವು ಕೇಳಿದೆವು: “ಅಮ್ಮ, ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಎಷ್ಟು ವರ್ಷವಾಯಿತು?” ಅವರು ನಕ್ಕರು. “ನಾವೆಲ್ ಹತ್ತವಾ? ಬೆಂಗ್ಳೂರಿಂದ ಬಂದೋರಿಗೆ ದಾರಿ ತೋರ್ಸದೇ ನಮ್ ಕೆಲ್ಸ.” ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಘೋಷಣೆಯಾದ, 2022ರಲ್ಲಿ ರಾಮ್ಸರ್ ತಾಣದ ಮನ್ನಣೆ ಪಡೆದ ಪಕ್ಷಿಧಾಮದ ನೆರೆಯಲ್ಲೇ ಬದುಕಿದ ಅವರು ಅಲ್ಲಿಯ ಮೊಸಳೆಗಳನ್ನು ದೋಣಿಯಿಂದ ನೋಡಿಲ್ಲ.

ಹಾಗೆಂದು ಶುಲ್ಕವೇ ಬೇಡ ಎಂದಲ್ಲ. ಇದಕ್ಕೆ ದಾರಿಗಳಿವೆ, ಕೆಲವು ಈಗಾಗಲೇ ಬಳಕೆಯಲ್ಲೂ ಇವೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೆಳಗಿನ ವಾಯುವಿಹಾರದ ಹೊತ್ತಿಗೆ ಬರುವವರಿಂದ ಹಣ ಪಡೆಯುವುದಿಲ್ಲ. ವಿದೇಶಿಯರಿಗೆ ಬೇರೆ ದರ ಇರುವಂತೆ ಸ್ಥಳೀಯ ಪಂಚಾಯಿತಿಯ ನಿವಾಸಿಗಳಿಗೆ ರಿಯಾಯಿತಿ ಪಾಸ್, ವಾರದಲ್ಲೊಂದು ಉಚಿತ ದಿನ, ಶಾಲಾ ಮಕ್ಕಳಿಗೆ ಉಚಿತ ದೋಣಿ ವಿಹಾರ ಇವೆಲ್ಲ ಮಾಡಲಾಗದ ಕೆಲಸಗಳೇನಲ್ಲ.

ನಂಬಿಕೆ 5: “ಸಮೀಕ್ಷೆಯಲ್ಲಿ ಎಲ್ಲರೂ ಒಪ್ಪಿದ್ದಾರೆ, ಇನ್ನೇನು ತೊಂದರೆ?”

“ಬಂದವರಲ್ಲಿ ಬಹುಪಾಲು ಜನ ಶುಲ್ಕಕ್ಕೆ ಒಪ್ಪಿದ್ದಾರೆ” ಎಂಬ ಸುದ್ದಿ ಓದಿದಾಗ ಮೂರು ವಿಷಯ ನೆನಪಿಡಿ.

ಮೊದಲನೆಯದು, ಕೇಳಿದ್ದು ಯಾರನ್ನು? ಗೇಟಿನ ಒಳಗೆ ಸಿಕ್ಕವರು ಈಗಾಗಲೇ ಹಣ ಕೊಟ್ಟು ಬಂದವರು. ದರ ನೋಡಿ ವಾಪಸ್ ಹೋದವರು, ಮನೆಯಿಂದ ಹೊರಡದೇ ಇದ್ದವರು ಆ ಸಮೀಕ್ಷೆಯಲ್ಲಿ ಇರುವುದೇ ಇಲ್ಲ. ಮದುವೆ ಮನೆಯಲ್ಲಿ ಉಂಡು ಕೈತೊಳೆಯುತ್ತಿರುವವರನ್ನು ಮಾತ್ರ ಕೇಳಿ, ಕರೆದವರೆಲ್ಲ ಬಂದಿದ್ದರು ಎಂದಂತೆ ಅದು.

ಎರಡನೆಯದು, ಹೇಳುವುದಕ್ಕೂ ಕೊಡುವುದಕ್ಕೂ ಅಂತರವಿದೆ. ಪ್ರಶ್ನಾವಳಿ ಹಿಡಿದು ನಿಂತ ವಿದ್ಯಾರ್ಥಿಯ ಮುಂದೆ “ಪ್ರಕೃತಿಗಾಗಿ 100 ರೂಪಾಯಿ ಕೊಡ್ತೀನಿ” ಎನ್ನುವುದು ಸುಲಭ, ಕೌಂಟರಿನಲ್ಲಿ ಕೊಡುವುದು ಕಷ್ಟ. ಜನರ ‘ಪಾವತಿಸುವ ಇಚ್ಛೆ’ ಅಳೆಯುವ ಸಂಶೋಧಕರಿಗೆ ಇದು ಹಳೆಯ ತಲೆನೋವು. ಭಾರತದಲ್ಲಿ ಇಂತಹ ಪ್ರಮುಖ ಅಧ್ಯಯನಗಳಲ್ಲೊಂದು 1997ರಲ್ಲಿ ಪ್ರಕಟವಾಯಿತು. ಮುಂಬೈನ ಬೋರಿವಲಿ ರಾಷ್ಟ್ರೀಯ ಉದ್ಯಾನದ ಉಳಿವಿಗಾಗಿ ಒಂದು ಕುಟುಂಬ ತಿಂಗಳಿಗೆ ಸರಾಸರಿ ಏಳೂವರೆ ರೂಪಾಯಿ ಕೊಡಲು ಸಿದ್ಧವಿದೆ ಎಂದು ಅದು ಅಂದಾಜಿಸಿತ್ತು. ಇಡೀ ಮಹಾನಗರಕ್ಕೆ ಲೆಕ್ಕ ಹಾಕಿದರೆ ಅದು ದೊಡ್ಡ ಮೊತ್ತ. ಆದರೆ ಇಂತಹ ಅಂಕಿಗಳನ್ನು ಜನರ ಮನದ ಇಂಗಿತವೆಂದು ಓದಬೇಕೇ ಹೊರತು, ನಾಳೆಯೇ ವಸೂಲಿ ಮಾಡಬಹುದಾದ ದರವೆಂದಲ್ಲ.

ಮೂರನೆಯದು, ‘ಸೊನ್ನೆ’ ಎಂದವರೆಲ್ಲ ಒಂದೇ ಅಲ್ಲ. ಕೆಲವರಿಗೆ ಆ ಜಾಗದ ಮೇಲೆ ಆಸಕ್ತಿಯಿಲ್ಲ, ಕೆಲವರ ಬಳಿ ಹಣವಿಲ್ಲ. ಇನ್ನು ಕೆಲವರು “ನಾವು ತೆರಿಗೆ ಕಟ್ಟಿದ್ದೇವೆ, ಮತ್ತೆ ಯಾಕೆ?” ಎಂಬ ಕಾರಣಕ್ಕೆ ಸೊನ್ನೆ ಎನ್ನುತ್ತಾರೆ. ಸಂಶೋಧಕರು ಇದನ್ನು ಪ್ರತಿಭಟನೆಯ ಉತ್ತರವೆಂದು ಬೇರೆಯಾಗಿ ಗುರುತಿಸುತ್ತಾರೆ. ಹಾಗೆ ಹೇಳುವವರು ಆ ಜಾಗವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೂ ಆಗಿರಬಹುದು.

ಹಾಗಾದರೆ ಶುಲ್ಕ ಸರಿಯೋ ತಪ್ಪೋ?

ಉಚಿತ ಎಂದರೆ ಖರ್ಚಿಲ್ಲ ಎಂದರ್ಥವಲ್ಲ. ಕಸ ಎತ್ತುವವರ ಸಂಬಳ, ದೋಣಿಯ ದುರಸ್ತಿ, ಮುಳುಗುವವರನ್ನು ಎತ್ತುವ ಈಜುಗಾರರು, ಇದಕ್ಕೆಲ್ಲ ಯಾರಾದರೂ ಕೊಡಲೇಬೇಕು. ತೆರಿಗೆಯಿಂದ ಕೊಡಬಹುದು, ಟಿಕೆಟ್‌ನಿಂದ ಕೊಡಬಹುದು. ಎರಡೂ ಇಲ್ಲದಿದ್ದರೆ ಆ ಬೆಲೆಯನ್ನು ಹೊಳೆಯೇ ತೆರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಶುಲ್ಕ ಇರಬೇಕೇ ಎಂಬುದಕ್ಕಿಂತ, ಅದನ್ನು ಯಾರಿಂದ, ಹೇಗೆ, ಯಾತಕ್ಕಾಗಿ ಪಡೆಯಲಾಗುತ್ತಿದೆ ಎಂಬುದು.

ಮುಂದಿನ ಸಲ ಟಿಕೆಟ್ ಕೌಂಟರ್ ಮುಂದೆ ನಿಂತಾಗ ಇವನ್ನು ಗಮನಿಸಿ:

• ದರಪಟ್ಟಿ ಎಲ್ಲರಿಗೂ ಕಾಣುವಂತೆ ಇದೆಯೇ? ಕೊಟ್ಟ ಹಣಕ್ಕೆ ರಸೀದಿ ಸಿಕ್ಕಿತೇ?
• ವಸೂಲಿ ಮಾಡುತ್ತಿರುವುದು ಇಲಾಖೆಯೇ, ಪಂಚಾಯಿತಿಯೇ, ಗುತ್ತಿಗೆದಾರರೇ?
• ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಎಲ್ಲಾದರೂ ಬರೆದಿದೆಯೇ?
• ಮಕ್ಕಳಿಗೆ, ಹಿರಿಯರಿಗೆ, ಸ್ಥಳೀಯರಿಗೆ ರಿಯಾಯಿತಿ ಇದೆಯೇ?
• ಪ್ರವೇಶ, ಪಾರ್ಕಿಂಗ್, ಕ್ಯಾಮೆರಾ, ದೋಣಿ ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ತಿಳಿಯುತ್ತದೆಯೇ?

ಸರ್ಕಾರಿ ಜಾಗದ ಟಿಕೆಟ್ ಹಣದ ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ಯಾರು ಬೇಕಾದರೂ ಕೇಳಬಹುದು.

ಹೊರಡುವಾಗ ಕಬ್ಬಿನ ಹಾಲಿನ ಅಮ್ಮನಿಗೆ ನಾವು ಇನ್ನೊಂದು ಪ್ರಶ್ನೆ ಕೇಳಿದೆವು. ಊರಿನವರಿಗೆಂದು ವರ್ಷಕ್ಕೊಂದು ಪಾಸ್ ಕೊಟ್ಟರೆ ತಗೊಳ್ತೀರಾ? ಸ್ವಲ್ಪ ಯೋಚಿಸಿ, “ಎಷ್ಟಂತೆ?” ಎಂದರು. ಅಂದರೆ ಕಾಸು ಕೊಡುವುದಕ್ಕೇ ಅವರ ತಕರಾರಿಲ್ಲ. ಇದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ.